ಹೊಳೆ ಸರಿದರೂ ಸರಿಯದ ಗಡಿ

ಅಮೆರಿಕದ ಇಲಿನಾಯ್ ರಾಜ್ಯಕ್ಕೆ ಬಂದ ಮೇಲೆ ನನಗೆ ನಕಾಶೆ ಓದುವ ಹುಚ್ಚು ಹತ್ತಿದೆ. ದಾರಿ ತೋರಿಸಲು ಫೋನು ಸಾಕು. ಆದರೆ ಒಂದು ರಾಜ್ಯ ಹೇಗೆ ಬೆಳೆಯಿತು ಅಂತ ತಿಳಿಯಬೇಕಾದರೆ ದೊಡ್ಡ ಹಾಳೆಯನ್ನು ನೆಲದ ಮೇಲೆ ಹರವಿಕೊಂಡೇ ಕೂಡಬೇಕು.

ಇಲ್ಲಿನ ಹಳ್ಳಿ ರಸ್ತೆಗಳು ನೆಟ್ಟಗೆ ಗೆರೆ ಎಳೆದಂತಿವೆ. 1785ರ ಕಾಯ್ದೆಯಂತೆ ಆರು ಮೈಲಿ ಉದ್ದಗಲದ ಚೌಕಗಳಾಗಿ ನೆಲ ಅಳೆದು, ಒಂದೊಂದನ್ನೂ 36 ತುಂಡು ಮಾಡಿದರು. ಮುಂದೆ ಆ ತುಂಡುಗಳ ಅಂಚಿಗೇ ರಸ್ತೆ ಬಿದ್ದವು. ಮಸ್ಕಿ, ಲಿಂಗಸುಗೂರು ಕಡೆ ನಮ್ಮ ಬಂಡಿದಾರಿಗಳು ಹಳ್ಳ, ಗುಡ್ಡ ಬಳಸಿಕೊಂಡು ಬಂದವು. ಇಲ್ಲಿ ಅಳತೆ ಮೊದಲು, ಊರು ಆಮೇಲೆ.

ನನ್ನನ್ನು ಹಿಡಿದು ನಿಲ್ಲಿಸಿದ ಊರು ಕ್ಯಾಸ್ಕಾಸ್ಕಿಯಾ. 1818ರಲ್ಲಿ ಇಲಿನಾಯ್ ರಾಜ್ಯವಾದಾಗ ಇದೇ ಮೊದಲ ರಾಜಧಾನಿ. ರಾಜ್ಯದ ಪಶ್ಚಿಮಕ್ಕೆ ಮಿಸಿಸಿಪ್ಪಿ ನದಿಯೇ ಗಡಿ, ಇಲ್ಲಿ ಆಚೆ ದಂಡೆ ಮಿಸೌರಿ ರಾಜ್ಯ. ಆದರೆ ಈ ಊರಿನ ಹತ್ತಿರ ಗಡಿಯ ಗೆರೆ ಈಗಿನ ಹೊಳೆಯನ್ನು ಬಿಟ್ಟು ಆಚೆ ದಂಡೆಗೆ ಹತ್ತಿ, ಸುತ್ತು ಹಾಕಿ ಮತ್ತೆ ನೀರಿಗೆ ಇಳಿಯುತ್ತದೆ. 1881ರ ಪ್ರವಾಹದಲ್ಲಿ ಹೊಳೆ ಪೂರ್ವಕ್ಕೆ ಹೊರಳಿ ಹೊಸ ಪಾತ್ರ ಹಿಡಿಯಿತು, ಹಳೆ ಊರಿನ ಬಹುಭಾಗವನ್ನು ನುಂಗಿತು. ಉಳಿದ ನೆಲ ಮಿಸೌರಿ ದಂಡೆಗೆ ಅಂಟಿಕೊಂಡಿದೆ, ಸರ್ಕಾರಿ ಲೆಕ್ಕದಲ್ಲಿ ಮಾತ್ರ ಇಂದಿಗೂ ಇಲಿನಾಯ್! ತನ್ನದೇ ರಾಜ್ಯದ ಹಳೆ ರಾಜಧಾನಿಗೆ ಹೋಗಲು ಇಲ್ಲಿನವರು ಮಿಸೌರಿಗೆ ದಾಟಿ, ಸೇಂಟ್ ಮೇರಿ ಊರಿನ ಹತ್ತಿರ ಹಳೆ ಪಾತ್ರದ ಮೇಲಿನ ಚಿಕ್ಕ ಸೇತುವೆ ಹಿಡಿಯಬೇಕು.

ಇದನ್ನು ನೋಡಿದಾಗಿನಿಂದ ನಮ್ಮ ತುಂಗಭದ್ರೆಯ ಹಳೆ ನಕಾಶೆಗಳನ್ನು ಹುಡುಕುತ್ತಿದ್ದೇನೆ. 1953ರವರೆಗೆ ಬಳ್ಳಾರಿ ಮದ್ರಾಸಿಗೆ ಸೇರಿತ್ತು. ಕೊಪ್ಪಳ, ಗಂಗಾವತಿಗಳನ್ನೂ ಒಳಗೊಂಡ ಅಂದಿನ ರಾಯಚೂರು ಜಿಲ್ಲೆ 1956ರವರೆಗೆ ಹೈದರಾಬಾದಿಗೆ. ಅಂದರೆ ಹಂಪಿ ಬ್ರಿಟಿಷರ ಕೈಯಲ್ಲಿದ್ದಾಗ ಎದುರು ದಂಡೆಯ ಆನೆಗೊಂದಿ ನಿಜಾಮರದು. ಒಂದೇ ವಿಜಯನಗರದ ಎರಡು ತುಂಡು. ಅಷ್ಟೇ ಅಲ್ಲ, ನಿಜಾಮರಿಗೆ ಸ್ವಂತ ಸುಂಕದ ಇಲಾಖೆ, ಸ್ವಂತ ಹಾಲಿ ಸಿಕ್ಕಾ ರೂಪಾಯಿ ಬೇರೆ. ಶಾಲೆಯಲ್ಲಿ ನಮಗೆ ವಿಜಯನಗರ ಕಲಿಸಿದರು, ಈ ಗಡಿ ಕಲಿಸಲಿಲ್ಲ. ಕಲಿಸಬೇಕಿತ್ತು.

ಗಂಗಾವತಿ, ಆನೆಗೊಂದಿ, ಕಂಪ್ಲಿ ಕಡೆ ಇರುವವರು ಮನೆಯ ಹಿರಿಯರನ್ನು ಈಗಲೇ ಕೇಳಿ: ಹರಿಗೋಲು ಎಲ್ಲಿ ದಾಟುತ್ತಿತ್ತು? ಸುಂಕದ ನಾಕಾ ಎಲ್ಲಿತ್ತು? ಸಂತೆಯಲ್ಲಿ ಯಾವ ರೂಪಾಯಿ ನಡೆಯುತ್ತಿತ್ತು? ಊರ ಹೆಸರು ಹಾಕಿ ಬರೆದು ಕಳಿಸಿ, ಒಂದೊಂದನ್ನೂ ನಕಾಶೆಯ ಮೇಲೆ ಗುರುತು ಮಾಡುತ್ತೇನೆ.