ಪುಸ್ತಕ ವಾಪಸ್ ಕೊಡದವನ ಹಾಡು

"ಹಾಡು ಚೆನ್ನಾಗಿದೆ ಕಣಪ್ಪ. ಆದರೆ ಇವನು ಯಾರು?"

ತೀರಿಕೊಂಡವನ ತಾಯಿ ಹೀಗೆ ಕೇಳಿದ ಮೇಲೆ ಕೋಣೆಯಲ್ಲಿ ಯಾರಿಗೂ ಮಾತು ಹೊರಡಲಿಲ್ಲ. ಗೆಳೆಯನನ್ನು ಕಳೆದುಕೊಂಡ ಹುಡುಗ ನಿದ್ದೆಗೆಟ್ಟು ಬರೆದಿದ್ದ ಮೂರು ಚರಣದ ಹಾಡು ಅದು. ದೀಪ ಆರಿತ್ತು, ಹಕ್ಕಿ ಹಾರಿತ್ತು, ನಕ್ಷತ್ರ ಉದುರಿತ್ತು. ಪ್ರಾಸ ಎಲ್ಲೂ ತಪ್ಪಿರಲಿಲ್ಲ. ಆಕೆ ಕೊಂಕು ನುಡಿದದ್ದೂ ಅಲ್ಲ, ನಿಜಕ್ಕೂ ಗುರುತು ಸಿಕ್ಕಿರಲಿಲ್ಲ. ಆಮೇಲೆ ತಾವೇ ಹೇಳಿದರು: "ನನ್ನ ಮಗ ಯಾರ ಪುಸ್ತಕ ತಂದರೂ ವಾಪಸ್ ಕೊಟ್ಟವನಲ್ಲ." ಹುಡುಗನಿಗೆ ತಡೆಯಲಾರದ ನಗು ಬಂತು.

ವಾರವಿಡೀ ಆ 'ಇವನು ಯಾರು' ನನ್ನ ಕಿವಿಯಲ್ಲೇ ಇದೆ. ಚರಮಗೀತೆ ಕೆಡುವುದು ಹೆಚ್ಚಾಗಿ ಇಲ್ಲೇ. ಬರೆಯುವವನ ದುಃಖ ಸಾಲುಸಾಲಿನಲ್ಲೂ ಇರುತ್ತದೆ, ಹೋದವನು ಮಾತ್ರ ಎಲ್ಲೂ ಇರುವುದಿಲ್ಲ. ದುಃಖ ಎಲ್ಲರದೂ ಹೆಚ್ಚುಕಡಿಮೆ ಒಂದೇ ಥರ. ಸಾಲ ಪಡೆದ ಪುಸ್ತಕ ಅದುಮಿಟ್ಟುಕೊಳ್ಳುವ ರೀತಿ ಒಬ್ಬೊಬ್ಬರದು ಒಂದೊಂದು.

ಹಾಗಾಗಿ ಮೊದಲು ಪದ್ಯ ಬರೆಯಲು ಹೋಗಬಾರದು. ಒಂದು ಪುಟ ಗದ್ಯ ಬರೆಯಬೇಕು: ಫೋನೆತ್ತಿದರೆ ಮೊದಲು ಏನೆನ್ನುತ್ತಿದ್ದ, ಯಾವ ವಿಷಯಕ್ಕೆ ಜಗಳ ತೆಗೆಯುತ್ತಿದ್ದ, ಯಾವ ಸುಳ್ಳನ್ನು ಪದೇಪದೇ ಹೇಳುತ್ತಿದ್ದ. ಬರೆದಾದ ಮೇಲೆ 'ಪ್ರೀತಿಯ', 'ಅಪರೂಪದ' ಮುಂತಾದವನ್ನೆಲ್ಲ ಹೊಡೆದುಹಾಕಬೇಕು. ಉಳಿದದ್ದರಲ್ಲಿ ಒಂದು ಪಲ್ಲವಿಗೆ, ಚರಣಕ್ಕೆ ಒಂದೊಂದು. ಬೇರೆ ಯಾರು ಸತ್ತರೂ ಹಾಗೇ ಹಾಡಬಹುದಾದ ಸಾಲು ಎಷ್ಟು ಚಂದವಿದ್ದರೂ ಬೇಡ.

ತಾಯಿ ಆಡಿದ ಮಾತು ಛಂದಸ್ಸಿಗೆ ತಾನಾಗಿ ಒದಗಿಬಂತು:

ಕೊಟ್ಟ ಪುಸ್ತಕ ಕೇಳಿದಾಗಲು
ನಾಳೆ ಎಂದವನೇ

3+4 ಮಾತ್ರೆಯ ನಡೆ, ಭಾಮಿನಿ ಷಟ್ಪದಿಯದೂ ಇದೇ. ತಾಳಕ್ಕೆ ಏಳರ ಎಣಿಕೆಯ ಮಿಶ್ರಛಾಪು. ಸಮಸಮನಾದ ನಾಲ್ಕರ ನಡೆಯಲ್ಲಿ ಶೋಕ ಬೇಗ ಜೋಗುಳವಾಗಿಬಿಡುತ್ತದೆ. ಮೂರು-ನಾಲ್ಕರಲ್ಲಿ ಸಣ್ಣದೊಂದು ಕುಂಟು ಇರುವುದರಿಂದ ಕಿವಿ ಎಚ್ಚರವಾಗಿರುತ್ತದೆ. ಎರಡನೆಯ ಸಾಲಿನ ಕೊನೆಯ 'ನೇ' ಎರಡು ಮಾತ್ರೆ ತೆಗೆದುಕೊಂಡರೆ ಆ ಆವರ್ತದಲ್ಲಿ, ಅಂದರೆ ತಾಳದ ಆ ಒಂದು ಸುತ್ತಿನಲ್ಲಿ, ಐದು ಖಾಲಿ ಉಳಿಯುತ್ತವೆ. ಅವನ್ನು ಖಾಲಿಯೇ ಬಿಡಬೇಕು. ಉಸಿರು ತೆಗೆದುಕೊಳ್ಳುವುದೂ ಅಲ್ಲೇ, ಕೇಳುವವರಿಗೆ ಮಾತು ನಾಟುವುದೂ ಅಲ್ಲೇ. ಕೀಬೋರ್ಡ್ ನುಡಿಸಲು ಬಂದಿದ್ದವರು ಒಳ್ಳೆಯ ವಾದಕರು, ಆದರೆ ಖಾಲಿ ಜಾಗ ಕಂಡರೆ ಸಹಿಸರು. ಆ ಐದೂ ಮಾತ್ರೆಗೆ ಪಿಟೀಲಿನ ದನಿ ತುಂಬಿದರು. ಸಾಲದ್ದಕ್ಕೆ ದನಿ ಗುಂಯ್ಗುಡುವ ರಿವರ್ಬ್ ಎಷ್ಟು ಏರಿಸಿದರೆಂದರೆ 'ಕೊಟ್ಟ', 'ಪುಸ್ತಕ'ಗಳ ಒತ್ತಕ್ಷರವೇ ಕರಗಿಹೋಯಿತು.

ಕಾಲ, ಅಂದರೆ ಹಾಡಿನ ವೇಗ, ತೀರ ಇಳಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಆವರ್ತಕ್ಕೆ ಸುಮಾರು 3 ಸೆಕೆಂಡು ಸಾಕು. 5ಕ್ಕೆ ಎಳೆದರೆ ಹ್ರಸ್ವಗಳೆಲ್ಲ ದೀರ್ಘವಾಗಿ 'ಹಳೆಯ' ಹೋಗಿ 'ಹಾಳೆಯ' ಕೇಳಿಸುತ್ತದೆ.

ರಾಗದ ವಿಚಾರದಲ್ಲಿ ಎಲ್ಲರೂ ಓಡುವುದು ಶಿವರಂಜನಿಗೆ. ಕಣ್ಣೀರು ಖಂಡಿತ ಬರುತ್ತದೆ. ಬಂದದ್ದು ಗೆಳೆಯನಿಗಾಗಿಯೋ ರಾಗಕ್ಕಾಗಿಯೋ ಎಂಬುದು ಬೇರೆ ಮಾತು. ಅದನ್ನೇ ಬಳಸುವುದಾದರೆ ಒಂದು ಉಪಾಯವಿದೆ: ಅದರ ಸಾಧಾರಣ ಗಾಂಧಾರದ ('ಗ' ಸ್ವರದ ತಗ್ಗಿನ ರೂಪ) ಜಾಗಕ್ಕೆ ಅಂತರ ಗಾಂಧಾರ (ಅದರ ಎತ್ತರದ ರೂಪ) ತಂದರೆ ಸಾಕು, ಉಳಿದ ನಾಲ್ಕು ಸ್ವರ ಹಾಗೇ ಇದ್ದು ಮೋಹನ ರಾಗ ಆಗುತ್ತದೆ. ಅವನ ತುಂಟತನ ಬರುವ ಚರಣವನ್ನು ಮೋಹನದಲ್ಲಿ ಹಾಡಿ ಪಲ್ಲವಿಗೆ ಮರಳಿದಾಗ, ಅದೇ ಹಳೆಯ ಗಾಂಧಾರ ಮೊದಲಿಗಿಂತ ಭಾರವಾಗಿ ಕೇಳುತ್ತದೆ.

ಹಾಡುವವನ ಗಂಟಲನ್ನೂ ನೋಡಿಕೊಳ್ಳಬೇಕು. ಅಳು ಒತ್ತರಿಸಿದಾಗ ಮೊದಲು ಒಡೆಯುವುದು ಮೇಲಿನ ಸ್ವರಗಳು, ಅದರಲ್ಲೂ 'ಈ'ಕಾರದಲ್ಲಿ ನಿಂತವು. ಶ್ರುತಿಯನ್ನು ಎಂದಿಗಿಂತ ಕೀಬೋರ್ಡಿನ ಒಂದು ಅಥವಾ ಎರಡು ಮನೆ ಇಳಿಸಿ, ದೀರ್ಘ ನಿಲುಗಡೆಗಳನ್ನು 'ಆ', 'ಓ'ಗಳ ಮೇಲೆ ಇಟ್ಟರೆ ದಾಟಬಹುದು. ಅತಿ ಎತ್ತರದ ಸ್ವರ ಇಡೀ ಹಾಡಿನಲ್ಲಿ ಒಮ್ಮೆ ಬಂದರೆ ಸಾಕು, ಅದೂ ಎರಡನೆಯ ಚರಣದಲ್ಲಿ, ಕಂಠ ಹದಕ್ಕೆ ಬಂದ ಮೇಲೆ. ಜೊತೆಗೆ ಒಬ್ಬರು ಸಾಹಿತ್ಯ ಕಲಿತು ಪಕ್ಕದಲ್ಲಿರಲಿ. ಅವನು ನಿಂತಲ್ಲಿ ಅವರು ಎತ್ತಿಕೊಳ್ಳಲಿ, ಮೈಕ್ ಮಾತ್ರ ಕಸಿಯದಿರಲಿ.

ಕೊನೆಯ ಸಾಲು ಇನ್ನೂ ಇತ್ಯರ್ಥವಾಗಿಲ್ಲ. 'ಮತ್ತೆ ಸಿಗೋಣ' ಎಂದೇ ಮುಗಿಯಬೇಕೆಂದು ಹುಡುಗನ ಹಠ. ಅವನಿಗೇ ಅದರಲ್ಲಿ ನಂಬಿಕೆಯಿಲ್ಲ, ಕೇಳುವವರಿಗೆ ಸಮಾಧಾನವಾಗಲಿ ಎನ್ನುತ್ತಾನೆ. ಆ ಸಾಲಿಗೆ ಬರುವಾಗ ಪ್ರತಿ ಸಲವೂ ಅವನ ದನಿ ಸಣ್ಣಗಾಗುವುದು ಅವನಿಗೆ ಗೊತ್ತಾದಂತಿಲ್ಲ. 'ಕೇಳಿದಾಗಲು' ಎಂಬಲ್ಲೇ ನಿಲ್ಲಿಸು ಎಂದರೆ, ಜನ ಮರೆತೆ ಅಂದುಕೊಳ್ಳುತ್ತಾರೆ ಎಂಬ ಭಯ. ಸದ್ಯಕ್ಕೆ ಎರಡು ಥರವೂ ರೆಕಾರ್ಡ್ ಮಾಡಿಟ್ಟಿದ್ದಾನೆ.