ಡಾರ್ಸೆಟ್‌ನ ಹುಲ್ಲಿನ ಮೇಲೆ ಈಜಿಪ್ಟಿನ ಶಾಸನ

ಬಂಗಲೆಯನ್ನು ಬಳಸಿ ದಕ್ಷಿಣದ ಹುಲ್ಲುಹಾಸಿಗೆ ಬಂದರೆ ಕಂಬ ಎದುರಿಗೇ ಇದೆ. ನಸುಗೆಂಪು ಗ್ರಾನೈಟು, ಎತ್ತರ ಸುಮಾರು 22 ಅಡಿ. "ಇಷ್ಟೇನಾ?" ಅಂದಳು ಅಕ್ಕ. ಲಂಡನ್‌ನಲ್ಲಿ ಥೇಮ್ಸ್ ದಂಡೆಯ ಒಬೆಲಿಸ್ಕ್ (ಈಜಿಪ್ಟಿನ ಚೂಪು ತುದಿಯ ಕಲ್ಲುಕಂಬ) ನೋಡಿದವಳಿಗೆ ಇದು ಚಿಕ್ಕದಾಗಿ ಕಂಡದ್ದು ಸಹಜ. ಆದರೆ ಆ ದೊಡ್ಡ ಕಂಬ ಮಾಡದ ಕೆಲಸವನ್ನು ಈ ಚಿಕ್ಕ ಕಂಬ ಮಾಡಿದೆ: ಯಾರಿಗೂ ಓದಲು ಬಾರದಿದ್ದ ಈಜಿಪ್ಟಿನ ಚಿತ್ರಲಿಪಿಯನ್ನು ಓದಲು ಇದು ನೆರವಾಯಿತು. ಅದಕ್ಕಾಗಿಯೇ ನಾನು ಇಂಗ್ಲೆಂಡಿನ ಈ ಮೂಲೆಗೆ, ಡಾರ್ಸೆಟ್‌ನ ವಿಂಬೋರ್ನ್ ಊರಿನ ಪಕ್ಕದ ಕಿಂಗ್‌ಸ್ಟನ್ ಲೇಸಿಗೆ ಬಂದದ್ದು.

ಕಂಬ ಮೊದಲು ನಿಂತಿದ್ದು ನೈಲ್ ನದಿಯ ಫೀಲೆ ದ್ವೀಪದಲ್ಲಿ, ಐಸಿಸ್ ದೇವಿಯ ಗುಡಿಯ ಮುಂದೆ. ಈ ಬಂಗಲೆಯ ಮನೆತನದ ವಿಲಿಯಂ ಜಾನ್ ಬ್ಯಾಂಕ್ಸ್ 1815ರಲ್ಲಿ ಅದನ್ನು ಕಂಡರು. ಕವಿ ಬೈರನ್‌ಗೆ ಕೇಂಬ್ರಿಜ್‌ನಿಂದಲೂ ಗೆಳೆಯ ಇವರು. 1818ರಲ್ಲಿ ಬ್ಯಾಂಕ್ಸ್ ಪರವಾಗಿ ಇಟಲಿಯ ಬೆಲ್ಜೋನಿ ಕಂಬವನ್ನು ದೋಣಿಗೆ ಏರಿಸಲು ಹೋದಾಗ ಕಲ್ಲಿನ ಕಟ್ಟೆ ಕುಸಿದು ಕಂಬ ನದಿಗೆ ಬಿತ್ತು. ಎತ್ತಿ, ದೋಣಿಗೆ ಹಾಕಿ, ಜಲಪಾತದ ಸೆಳವಿನಲ್ಲಿ ಇಳಿಸಿ ತಂದರು. ಇಲ್ಲಿ ಅದಕ್ಕೆ ಅಡಿಗಲ್ಲು ಹಾಕಿದ್ದು 1827ರಲ್ಲಿ, ವಾಟರ್ಲೂ ಗೆದ್ದ ವೆಲಿಂಗ್ಟನ್.

ಕಂಬದ ಮೈಮೇಲೆ ಚಿತ್ರಲಿಪಿ, ಪೀಠದ ಮೇಲೆ ಗ್ರೀಕ್. ಎರಡೂ ಒಂದೇ ಮಾತಿನ ಎರಡು ರೂಪಗಳಲ್ಲ. ಆದರೂ ಹೆಸರುಗಳು ಹೊಂದುತ್ತವೆ. ಒಂದೇ ಶಾಸನವನ್ನು ಚಿತ್ರಲಿಪಿಯಲ್ಲೂ ಗ್ರೀಕ್‌ನಲ್ಲೂ ಕೆತ್ತಿದ್ದ ರೊಸೆಟ್ಟಾ ಕಲ್ಲಿನ ಚಿತ್ರಲಿಪಿ ಭಾಗ ಒಡೆದುಹೋಗಿದ್ದರಿಂದ ಅಲ್ಲಿ ಉಳಿದದ್ದು ಟಾಲೆಮಿ ಎಂಬ ಒಂದೇ ರಾಜನ ಹೆಸರು. ಒಂದೇ ಹೆಸರಿನಿಂದ ಯಾವ ಊಹೆಯನ್ನೂ ಪರೀಕ್ಷಿಸಲು ಆಗುವುದಿಲ್ಲ. ಈ ಕಂಬದಲ್ಲಿ ಟಾಲೆಮಿಯ ಜೊತೆಗೆ ಕ್ಲಿಯೋಪಾತ್ರ ಇದ್ದಾಳೆ (ಎಲ್ಲರಿಗೂ ಗೊತ್ತಿರುವ ಆ ಕೊನೆಯ ರಾಣಿಯಲ್ಲ, ಅವಳಿಗಿಂತ ಹಿಂದಿನವಳು). ಬ್ಯಾಂಕ್ಸ್ ಅವಳ ಹೆಸರನ್ನು ಗುರುತಿಸಿ, ಶಾಸನದ ಅಚ್ಚಿನ ಪ್ರತಿಗಳ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದು ವಿದ್ವಾಂಸರಿಗೆ ಕಳಿಸಿದ್ದರು. ಅದರಲ್ಲೊಂದು, ಚಿತ್ರಲಿಪಿಯ ಗುಟ್ಟು ಬಿಡಿಸಲು ಹೊರಟಿದ್ದ ಪ್ಯಾರಿಸ್‌ನ ವಿದ್ವಾಂಸ ಶಾಂಪೋಲಿಯನ್ ಕೈಗೆ ಬಂತು.

ನಾನು ನೋಟ್‌ಬುಕ್‌ನಲ್ಲಿ ಎರಡೂ ಹೆಸರು ಬರೆದುಕೊಂಡು ಹೋಗಿದ್ದೆ. ಅಕ್ಕನನ್ನು ಪಕ್ಕ ನಿಲ್ಲಿಸಿಕೊಂಡು ಹುಡುಕಿದೆವು. ಮಲಗಿದ ಸಿಂಹ ಟಾಲೆಮಿಯಲ್ಲಿ ನಾಲ್ಕನೆಯದು, ಕ್ಲಿಯೋಪಾತ್ರಳಲ್ಲಿ ಎರಡನೆಯದು: ಎರಡೂ ಕಡೆ 'ಲ' ಬರಬೇಕಾದ ಜಾಗ. ಚಿಕ್ಕ ಚೌಕ ಅಲ್ಲಿ ಮೊದಲನೆಯದು, ಇಲ್ಲಿ ಐದನೆಯದು: 'ಪ'. ಹಗ್ಗದ ಕುಣಿಕೆ: 'ಒ'. 'ಟ' ಮಾತ್ರ ಕೈಕೊಡುತ್ತದೆ, ಒಂದರಲ್ಲಿ ರೊಟ್ಟಿ, ಇನ್ನೊಂದರಲ್ಲಿ ಅಂಗೈ. ಒಂದೇ ದನಿಗೆ ಎರಡು ಚಿಹ್ನೆ ಇರಬಹುದು ಎಂದು ಒಪ್ಪಿಕೊಂಡದ್ದು ಶಾಂಪೋಲಿಯನ್‌ನ ಧೈರ್ಯ. 1822ರಲ್ಲಿ ಅವನು ಚಿತ್ರಲಿಪಿ ಓದುವ ದಾರಿ ಸಿಕ್ಕಿತೆಂದು ಪ್ರಕಟಿಸಿದ. "ಸಿಂಹ ಸಿಕ್ತು ಕಣೋ!" ಎಂದು ಅಕ್ಕ ಕೂಗಿದಾಗ, ಆ ಕಲ್ಲಿನ ಮುಂದೆ ಓದು ಬಾರದವರು ಓದು ಕಲಿತ ಗಳಿಗೆ ಹೇಗಿದ್ದಿರಬಹುದೆಂದು ನನಗೆ ಮೈ ಜುಮ್ಮೆಂದಿತು.

ಪೀಠದ ಗ್ರೀಕ್ ಈಗ ಬಹಳ ಸವೆದಿದೆ. ಅದರಲ್ಲಿರುವುದು ಐಸಿಸ್ ಗುಡಿಯ ಅರ್ಚಕರ ಅಹವಾಲು. ದಂಡನಾಯಕರು, ಕರಣಿಕರು, ಕಾವಲಿನವರು, ಅವರ ಹಿಂದೆ ಸೈನಿಕರು, ಆಳುಗಳು, ಎಲ್ಲರೂ ದ್ವೀಪಕ್ಕೆ ಬಂದು ತಮ್ಮ ಖರ್ಚನ್ನು ಗುಡಿಯ ಮೇಲೆ ಹೊರಿಸುತ್ತಾರೆ. ಹೀಗಾದರೆ ದೇವರ ಸೇವೆಗೇ ಏನೂ ಉಳಿಯುವುದಿಲ್ಲ. ಇದನ್ನು ನಿಲ್ಲಿಸಬೇಕು, ನಿಲ್ಲಿಸಿದ್ದನ್ನು ಕಲ್ಲಿನಲ್ಲಿ ಬರೆಸಲು ಅಪ್ಪಣೆ ಕೊಡಬೇಕು. ನಮ್ಮ ಗುಡಿಗಳ ದತ್ತಿ ಶಾಸನಗಳನ್ನು ಓದಿದವರಿಗೆ ಈ ದನಿ ಪರಿಚಿತ. ರಾಜನ ಆಜ್ಞೆಗಿಂತ, ಅದನ್ನು ಪಡೆಯಲು ಜನ ಪಟ್ಟ ಪಾಡೇ ಕಲ್ಲಿನಲ್ಲಿ ಗಟ್ಟಿಯಾಗಿ ಕೇಳಿಸುತ್ತದೆ.

ಒಂದು ಮಾತು: ಅಕ್ಷರ ನೋಡಬೇಕೆನ್ನುವವರು ಬೆಳಿಗ್ಗೆಯೋ ಸಂಜೆಯೋ, ಬಿಸಿಲು ಓರೆಯಾಗಿ ಬೀಳುವಾಗ ಹೋಗಿ. ಮೋಡ ಕವಿದಾಗ ಕೆತ್ತನೆ ಕಲ್ಲಿನಲ್ಲೇ ಮುಚ್ಚಿಹೋಗುತ್ತದೆ.

ಬಂಗಲೆಯ ಒಳಗನ್ನು ಬೇಗ ಮುಗಿಸುತ್ತೇನೆ. ಹದಿನೇಳನೆಯ ಶತಮಾನದ ಇಟ್ಟಿಗೆ ಮನೆಗೆ 1830ರ ದಶಕದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಬ್ಯಾರಿ ಕಲ್ಲಿನ ಹೊದಿಕೆ ಹಾಕಿದರು. ಅಮೃತಶಿಲೆಯ ಮೆಟ್ಟಿಲು ಚೆನ್ನಾಗಿದೆ. ಹೊನ್ನಿನ ಬಣ್ಣದ ತೊಗಲು ಹೊದಿಸಿದ ಗೋಡೆಗಳ ಸ್ಪ್ಯಾನಿಷ್ ಕೋಣೆಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅಲ್ಲಿ ಉಸಿರು ಕಟ್ಟಿತು. ನನ್ನ ಮನಸ್ಸು ನಿಂತದ್ದು ಬಿಲಿಯರ್ಡ್ಸ್ ಕೋಣೆಯಲ್ಲಿ. ಈಜಿಪ್ಟಿನ ಸಣ್ಣ ವಸ್ತುಗಳು ಅಲ್ಲಿವೆ: ಕಂಚಿನ ಮೂರ್ತಿಗಳು, ಗೋರಿಯಲ್ಲಿಡುವ ಬೊಂಬೆಗಳು, ದೇರ್ ಎಲ್ ಮದೀನಾದ ಕಲ್ಲಿನ ಫಲಕಗಳು. ರಾಜರ ಕಣಿವೆಯ ಗೋರಿಗಳನ್ನು ಕೊರೆದು ಚಿತ್ರ ಬಿಡಿಸಿದ ಕುಶಲಕರ್ಮಿಗಳ ಊರು ಅದು. ಅವರು ತಮಗಾಗಿ, ತಮ್ಮ ದೇವರಿಗಾಗಿ ಕೆತ್ತಿಕೊಂಡ ಫಲಕಗಳಿವು. ಕೈ ಎತ್ತಿ ನಿಂತ ಒಬ್ಬೊಬ್ಬ ಮನುಷ್ಯನೂ ರಾಜರ ಚಿನ್ನಕ್ಕಿಂತ ನನಗೆ ಹತ್ತಿರದವನೆನಿಸಿದ.

ಅಲ್ಲಿ ಸ್ವಯಂಸೇವಕಿಯಾಗಿ ಕುಳಿತಿದ್ದ ವಯಸ್ಸಾದ ಹೆಂಗಸು ನಾವು ತುಂಬ ಹೊತ್ತು ನಿಂತದ್ದು ನೋಡಿ ಎದ್ದು ಬಂದರು.

"ಬ್ಯಾಂಕ್ಸ್ ಇದನ್ನೆಲ್ಲ ಇಲ್ಲೇ ಕೂತು ನೋಡ್ತಿದ್ದರಾ?" ಅಕ್ಕ ಕೇಳಿದಳು.

"ಬಹಳ ಕಾಲ ಇಲ್ಲ. 1834ರಲ್ಲಿ ತಂದೆ ತೀರಿಕೊಂಡ ಮೇಲೆ ಮನೆ ಕೈಗೆ ಬಂತು. 1841ರಲ್ಲಿ ದೇಶ ಬಿಟ್ಟರು."

"ಯಾಕೆ?"

ಆಕೆ ದನಿ ತಗ್ಗಿಸಲಿಲ್ಲ. ಬ್ಯಾಂಕ್ಸ್ ಲಂಡನ್‌ನ ಗ್ರೀನ್ ಪಾರ್ಕ್‌ನಲ್ಲಿ ಒಬ್ಬ ಸೈನಿಕನೊಂದಿಗೆ ಸಿಕ್ಕಿಬಿದ್ದರು. 1833ರಲ್ಲೂ ಅಂಥದ್ದೇ ಮೊಕದ್ದಮೆ, ಆಗ ವೆಲಿಂಗ್ಟನ್ ಬಂದು ಸಾಕ್ಷಿ ಹೇಳಿ ಬಿಡುಗಡೆಯಾಗಿತ್ತು. ಎರಡನೆಯ ಸಲ ಉಳಿಯುವ ದಾರಿ ಇರಲಿಲ್ಲ. ಗಂಡಸರ ನಡುವಿನ ಸಂಬಂಧಕ್ಕೆ ಗಲ್ಲು ಶಿಕ್ಷೆ ಇದ್ದ ಕಾಲ. ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳದಿರಲೆಂದು ಆಸ್ತಿಯನ್ನು ತಮ್ಮನ ಕಡೆಗೆ ಬಿಟ್ಟು ಇಟಲಿಗೆ ಹೋದರು. ಅಲ್ಲಿಂದಲೇ ಬಾಗಿಲು, ಅಮೃತಶಿಲೆ, ಕೆತ್ತನೆ ಎಲ್ಲ ಮಾಡಿಸಿ ಹಡಗಿನಲ್ಲಿ ಕಳಿಸುತ್ತಿದ್ದರು, ಯಾವುದು ಎಲ್ಲಿ ಕೂರಬೇಕೆಂದು ಬರೆದು.

"2017ರಲ್ಲಿ ಈ ಮನೆಯಲ್ಲಿ 51 ಹಗ್ಗಗಳನ್ನು ಇಳಿಬಿಟ್ಟಿದ್ದೆವು," ಅಂದರು ಆಕೆ. "ಅವರ ಜೀವಮಾನದಲ್ಲಿ ಆ ಕಾನೂನಿನಡಿ ಗಲ್ಲಿಗೇರಿದವರ ಲೆಕ್ಕ. ಕೆಲವರಿಗೆ ಇಷ್ಟವಾಗಲಿಲ್ಲ. ನನಗೆ ಆಗಿತ್ತು."

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಕಂಬ ವಾಪಸ್ ಕೊಡಬೇಕಲ್ಲವಾ?" ಎಂದು ನೇರವಾಗಿಯೇ ಕೇಳಿದಳು. ಆಕೆ ನಕ್ಕು, ಆ ಪ್ರಶ್ನೆ ಈಗ ಆಗಾಗ ಬರುತ್ತದೆ ಎಂದರು. ನನ್ನ ಉತ್ತರ ಸ್ಪಷ್ಟ: ಕೊಡಬೇಕು. ಅಸ್ವಾನ್ ಅಣೆಕಟ್ಟುಗಳ ನೀರಿಗೆ ಸಿಕ್ಕಿದ ಫೀಲೆಯ ಗುಡಿಯನ್ನೇ 1970ರ ದಶಕದಲ್ಲಿ ಬಿಚ್ಚಿ ಅಗಿಲ್ಕಿಯಾ ದ್ವೀಪದಲ್ಲಿ ಕಟ್ಟಿ ನಿಲ್ಲಿಸಿದ್ದಾರೆ. ಗುಡಿಯೇ ಜಾಗ ಬದಲಿಸಿ ಉಳಿದ ಮೇಲೆ ಅದರ ಮುಂದಿನ ಕಂಬಕ್ಕೆ ಅಲ್ಲಿ ಜಾಗ ಇದ್ದೇ ಇದೆ. ಬ್ಯಾಂಕ್ಸ್ ಮತ್ತು ಅವರ ಸಂಗಡಿಗರು ಗುಡಿಗೋರಿಗಳಲ್ಲಿ ಮಾಡಿದ ರೇಖಾಚಿತ್ರಗಳೇ ನನ್ನ ದೃಷ್ಟಿಯಲ್ಲಿ ಅವರ ದೊಡ್ಡ ಆಸ್ತಿ.

ಮರಳುವಾಗ ಆದದ್ದು ಇನ್ನೂ ಹೊಟ್ಟೆ ಉರಿಸುತ್ತದೆ. ವಿಂಬೋರ್ನ್‌ಗೆ ರೈಲು ಇಲ್ಲ. ಪೂಲ್‌ನಲ್ಲಿ ಇಳಿದು ಟ್ಯಾಕ್ಸಿ ಹಿಡಿದಿದ್ದೆವು. ವಾಪಸ್ ಕರೆದೊಯ್ಯಲು ಹೇಳಿದ್ದ ಟ್ಯಾಕ್ಸಿ ಒಂದು ಗಂಟೆಗೂ ಹೆಚ್ಚು ತಡವಾಗಿ ಬಂತು, ಒಂದು ಫೋನೂ ಇಲ್ಲ. ಬ್ಯಾಂಕ್ಸ್ 1855ರಲ್ಲಿ ವೆನಿಸ್‌ನಲ್ಲಿ ತೀರಿಕೊಂಡರು. ದೇಹ ಮಾತ್ರ ಊರಿಗೆ ಬಂದು ವಿಂಬೋರ್ನ್ ಮಿನ್‌ಸ್ಟರ್ ಚರ್ಚಿನಲ್ಲಿ, ಮನೆತನದ ನೆಲಮಾಳಿಗೆಯಲ್ಲಿದೆ. ನಾವು ಮುಟ್ಟುವಷ್ಟರಲ್ಲಿ ಚರ್ಚಿನ ಬಾಗಿಲು ಹಾಕಿತ್ತು. ಹೋಗುವವರು ಚರ್ಚನ್ನು ಬೆಳಿಗ್ಗೆಯೇ ನೋಡಿಬಿಡಿ. ಪುಸ್ತಕಗಳನ್ನು ಸರಪಳಿಯಲ್ಲಿ ಕಟ್ಟಿಟ್ಟ ಹಳೆಯ ಗ್ರಂಥಾಲಯವೂ ಅಲ್ಲಿದೆಯಂತೆ, ಅದೂ ತಪ್ಪಿತು. ವಾಪಸಿನ ಗಾಡಿಗೆ ಇನ್ನೊಂದು ಟ್ಯಾಕ್ಸಿಯವರ ನಂಬರನ್ನೂ ಜೇಬಿನಲ್ಲಿಟ್ಟುಕೊಳ್ಳಿ.