ಆ ಕಾಲದಲ್ಲಿ ಅದು ಹೊಸದಾಗಿತ್ತು

ಐತಿಹಾಸಿಕ ಧಾರಾವಾಹಿ, ಸಾಕ್ಷ್ಯಚಿತ್ರಗಳಿಗೆ ಸಾಮಾನು ಹೊಂದಿಸುವುದು ನನ್ನ ಕೆಲಸ. ಆರ್ಟ್ ಡಿಪಾರ್ಟ್‌ಮೆಂಟ್ ಅಂತಾರೆ. ದಿನದ ಅರ್ಧ ಹೊತ್ತು ಹೊಸದನ್ನು ಹಳೆಯದು ಮಾಡುವುದರಲ್ಲೇ ಹೋಗುತ್ತದೆ. ಬಿಳಿ ಕಾಗದಕ್ಕೆ ಟೀ ಡಿಕಾಕ್ಷನ್ ಬಳಿಯುವುದು, ಅಂಚು ಸುಡುವುದು, ಮರದ ಪೆಟ್ಟಿಗೆಗೆ ಕಂದು ಶೂ ಪಾಲಿಶ್ ತಿಕ್ಕುವುದು, ಪಂಚೆಯನ್ನು ಒಗೆದು ಒಗೆದು ಮೆತ್ತಗೆ ಮಾಡುವುದು, ಎಲ್ಲದರ ಮೇಲೂ ಒಂದಿಷ್ಟು ಮುಲ್ತಾನಿ ಮಿಟ್ಟಿ ಉದುರಿಸುವುದು. ಸೆಟ್ಟಿನಲ್ಲಿ ಇದಕ್ಕೆ ಏಜಿಂಗ್ ಎಂದು ಹೆಸರು. ಕೈ ಪಳಗಿದ ಹುಡುಗ ಒಂದೇ ಸಂಜೆಯಲ್ಲಿ ಮನೆಯೊಂದಕ್ಕೆ ನೂರು ವರ್ಷ ತುಂಬಿಸಿಬಿಡುತ್ತಾನೆ. ತೊಂದರೆ ಇರುವುದೂ ಅಲ್ಲೇ.

1925ರ ಮೈಸೂರಿನ ಒಂದು ಮನೆ ಅಂದುಕೊಳ್ಳಿ. ಮಗ ಓದಲಿಕ್ಕೆ ಮದ್ರಾಸಿಗೆ ಹೋಗಿದ್ದಾನೆ, ಅವನಿಂದ ಕಾಗದ ಬಂದಿದೆ, ಅಪ್ಪ ಲಕೋಟೆ ಒಡೆದು ಓದುತ್ತಾರೆ. ಸಾಮಾನ್ಯವಾಗಿ ನಟನ ಕೈಗೆ ಹೋಗುವ ಕಾಗದ ಹಳದಿ, ಮೂಲೆ ಹರಿದದ್ದು, ಅಕ್ಷರ ಕಂದು. ಮೊನ್ನೆ ತಾನೇ ಅಂಚೆಗೆ ಹಾಕಿದ ಕಾಗದ ಅದು! ಆಗಿನ ಬ್ಲೂ-ಬ್ಲ್ಯಾಕ್ ಶಾಯಿಯಲ್ಲಿ ಕಬ್ಬಿಣದ ಅಂಶ ಇರುತ್ತಿತ್ತು. ಬರೆಯುವಾಗ ನೀಲಿ, ಗಾಳಿ ತಾಗಿದ ಮೇಲೆ ಕಪ್ಪು. ಅದು ಕಂದಾಗಲು ದಶಕಗಳೇ ಬೇಕು. ಪಕ್ಕದ ಮೇಜಿನ ಮೇಲಿನ ದಿನಪತ್ರಿಕೆಯೂ ಅಷ್ಟೆ. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಲಿಗ್ನಿನ್ (ಮರಕ್ಕೆ ಗಟ್ಟಿತನ ಕೊಡುವ ಅಂಶ) ಉಳಿದಿರುವುದರಿಂದ ಬೆಳಕಿಗೆ, ಗಾಳಿಗೆ ಬೇಗ ಹಳದಿಯಾಗುತ್ತದೆ, ನಿಜ. ಆದರೆ ಬೆಳಗಿನ ಪೇಪರು ಅವತ್ತು ಬೆಳಗ್ಗೆಯೇ ಹಳದಿಯಾಗಿರುವುದಿಲ್ಲ. ನಾವು ಆ ಕಾಲದ ಕಾಗದಗಳನ್ನು ಕಂಡಿರುವುದೆಲ್ಲ ಪತ್ರಾಗಾರದಲ್ಲಿ, ಇಲ್ಲವೇ ಅಜ್ಜನ ಟ್ರಂಕಿನಲ್ಲಿ. ಹಾಗಾಗಿ ಅದರ ಮುಪ್ಪನ್ನೇ ಹುಟ್ಟುಬಣ್ಣ ಅಂದುಕೊಂಡಿದ್ದೇವೆ. ಮೇಲೆ, ಚಿತ್ರೀಕರಣದ ನಂತರ ಬಣ್ಣ ತಿದ್ದುವ ಕಲರಿಸ್ಟ್ ಬೇರೆ ಇಡೀ ದೃಶ್ಯಕ್ಕೆ ಹಳದಿ ಛಾಯೆ ಹೊಡೆಯುತ್ತಾರೆ. ಟೀ ಕುಡಿದ ಕಾಗದ ಆಗ ಸೀದ ಹಪ್ಪಳದ ಹಾಗೆ ಕಾಣುತ್ತದೆ.

ಈಗ ನನ್ನ ಸಾಮಾನಿನ ಪಟ್ಟಿಯಲ್ಲಿ ಒಂದು ಕಾಲಂ ಹೆಚ್ಚಿಗೆ ಇದೆ: ಈ ದೃಶ್ಯ ನಡೆಯುವ ದಿನ ಈ ವಸ್ತುವಿಗೆ ಎಷ್ಟು ವಯಸ್ಸು? ಇಸವಿ ಒಂದೇ ಸಾಲದು. ಅದೇ ಮನೆಯಲ್ಲಿ ತೂಗುಮಣೆ ತಾತನ ಕಾಲದ್ದು, ಗೋಡೆ ಗಡಿಯಾರ ಮದುವೆಯ ಉಡುಗೊರೆ, ಸೀಮೆಎಣ್ಣೆ ದೀಪದ ಚಿಮಣಿ ಹೋದ ವಾರ ಒಡೆದು ಹೊಸದಾಗಿ ತಂದದ್ದು. ಎಲ್ಲಕ್ಕೂ ಒಂದೇ ಡಬ್ಬಿಯ ಬಣ್ಣ ಬಳಿದರೆ ಮನೆ ಹೋಗಿ ಗುಜರಿ ಅಂಗಡಿಯಾಗುತ್ತದೆ.

ಅಡುಗೆಮನೆಯಲ್ಲಂತೂ ಈ ಜಗಳ ತಪ್ಪಿದ್ದಲ್ಲ. ಹಳೇ ಸಾಮಾನಿನ ಅಂಗಡಿಯಿಂದ ಬಾಡಿಗೆಗೆ ಬರುವ ಹಿತ್ತಾಳೆ ಪಾತ್ರೆಗಳು ಕಪ್ಪು ಹಿಡಿದಿರುತ್ತವೆ. ಅಂಗಡಿಯವರು ಆ ಕಪ್ಪಿಗೇ ಬೆಲೆ ಕಟ್ಟುತ್ತಾರೆ. ದಿನಾ ಎರಡು ಹೊತ್ತು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವ ಮನೆಯಲ್ಲಿ ಪಾತ್ರೆ ಹಾಗಿದ್ದರೆ ಆ ಮನೆಯ ಹೆಂಗಸರಿಗೆ ಅವಮಾನ. ಹೊಳೆಯುವ ಕೊಳದಪ್ಪಲೆ ಇಟ್ಟರೆ ನಿರ್ದೇಶಕರಿಗೆ ಸಮಾಧಾನ ಇಲ್ಲ.

“ಏನ್ರೀ ಇದು, ನಿನ್ನೆ ಅಂಗಡಿಯಿಂದ ತಂದ ಹಾಗಿದೆ. ಪೀರಿಯಡ್ ಫೀಲೇ ಬರ್ತಿಲ್ಲ.”

“ಸಾರ್, ಅಜ್ಜಿ ಈಗಷ್ಟೇ ತಿಕ್ಕಿ ಕವುಚಿ ಹಾಕಿದ್ದಾರೆ ಅಂದ್ಕೊಳಿ.”

ಸವೆತ ಬೇರೆ, ಕೊಳೆ ಬೇರೆ. ಹಳೇ ಪಾತ್ರೆಯ ವಯಸ್ಸು ಗೊತ್ತಾಗುವುದು ತಿಕ್ಕಿ ತಿಕ್ಕಿ ತೆಳ್ಳಗಾದ ಅಂಚಿನಲ್ಲಿ, ತಳದ ನೆಗ್ಗಿನಲ್ಲಿ, ಒಳಗೆ ಕಲಾಯಿ ಹೋಗಿ ಹಿತ್ತಾಳೆ ಇಣುಕುವ ಜಾಗದಲ್ಲಿ. ಬಾಗಿಲಿಗಾದರೆ ಕೈ ಬೀಳುವ ಕಡೆ ಮಾತ್ರ ನುಣುಪು, ಅಗುಳಿಯ ಸುತ್ತ ಎಣ್ಣೆಗಪ್ಪು. ಮೇಲಿನ ತೊಲೆಯನ್ನು ಯಾರೂ ಮುಟ್ಟುವುದಿಲ್ಲ, ಅಲ್ಲಿ ಹೊಗೆಯ ಮಸಿ ಮಾತ್ರ. ಏಜಿಂಗ್ ಹುಡುಗರಿಗೆ ನಾನು ಮೊದಲು ಹೇಳುವುದು ಇಷ್ಟೆ: ಬ್ರಶ್ ಕೆಳಗಿಟ್ಟು ಆ ಮನೆಯಲ್ಲಿ ಒಂದು ಸಲ ಓಡಾಡು, ನಿನ್ನ ಕೈ ಎಲ್ಲಿ ಬೀಳುತ್ತೆ ನೋಡು, ಅಲ್ಲಿ ಮರಳುಕಾಗದ ಹಿಡಿ.

ಬಣ್ಣದ ವಿಷಯಕ್ಕೆ ಬಂದರೆ, ಹಿಂದಿನವರೆಲ್ಲ ಮಾಸಲು ಬಟ್ಟೆ ತೊಡುತ್ತಿದ್ದರು ಅನ್ನೋ ಭ್ರಮೆ ಕಪ್ಪು-ಬಿಳುಪು ಫೋಟೋಗಳ ಕೊಡುಗೆ. 1856ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಪರ್ಕಿನ್ ಮೊದಲ ಕೃತಕ ಬಣ್ಣ ಕಂಡುಹಿಡಿದ ಮೇಲೆ ಕಣ್ಣು ಕುಕ್ಕುವ ರಂಗುಗಳು ಅಗ್ಗವಾದವು. ರವಿವರ್ಮ ತನ್ನ ಮುದ್ರಣಾಲಯವನ್ನು ಮುಂಬಯಿಯಲ್ಲಿ ಶುರು ಮಾಡಿದ್ದು 1894ರಲ್ಲಿ. ಅಲ್ಲಿಂದ ಬಂದ ಲಕ್ಷ್ಮಿ, ಸರಸ್ವತಿಯರ ಚಿತ್ರ ದೇವರಮನೆ ಸೇರಿದಾಗ ಹೊಚ್ಚ ಹೊಸದು, ಢಾಳಾದ ಕೆಂಪು, ಥಳಥಳ ಹಸಿರು. ನಾವು ಅಲ್ಲಿ ನೇತುಹಾಕುವುದು ನೂರು ವರ್ಷ ಬಿಸಿಲುಂಡ, ಗೆದ್ದಲು ಹತ್ತಿದ ಪ್ರತಿಯನ್ನು!

ತಾಳೆಗರಿಯ ದೃಶ್ಯ ಬಂದರೆ ನನಗೆ ಖುಷಿ. ಸಿನಿಮಾದ ಕವಿ ನವಿಲುಗರಿಯನ್ನು ಶಾಯಿಗೆ ಅದ್ದಿ ತಾಳೆಗರಿಯ ಮೇಲೆ ಬರೆಯುತ್ತಾನಲ್ಲ, ನಮ್ಮ ಕಡೆಯ ಪದ್ಧತಿ ಅದಲ್ಲ. ಇಲ್ಲಿ ಕಬ್ಬಿಣದ ಕಂಟದಿಂದ, ಅಂದರೆ ಚೂಪು ಮೊನೆಯ ಕಡ್ಡಿಯಿಂದ, ತಾಳೆಗರಿಯನ್ನು ಕೊರೆಯುತ್ತಿದ್ದರು. ಬೇಯಿಸಿ ಒಣಗಿಸಿ ಹದ ಮಾಡಿದ ಹೊಸ ಗರಿ ತಿಳಿ ಕೆನೆ ಬಣ್ಣದ್ದು. ಎಡಗೈ ಹೆಬ್ಬೆರಳಿಗೆ ಕಂಟವನ್ನು ಆನಿಸಿಕೊಂಡು ಕೊರೆದಾಗ ಅಕ್ಷರ ಬರೀ ಗೀರಿನಂತೆ ಇರುತ್ತದೆ, ಓದಲಿಕ್ಕೇ ಆಗುವುದಿಲ್ಲ. ಆಮೇಲೆ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಗರಿಯಿಡೀ ಬಳಿದು ಬಟ್ಟೆಯಿಂದ ಒರೆಸಬೇಕು. ಮೇಲಿನ ಕಪ್ಪು ಹೋಗಿ ಗೀರಿನೊಳಗಿನದು ಉಳಿಯುತ್ತದೆ, ಒರೆಸಿದಷ್ಟು ದೂರಕ್ಕೆ ಸಾಲು ಮೂಡುತ್ತಾ ಬರುತ್ತದೆ. ಒಂದು ಸಾಕ್ಷ್ಯಚಿತ್ರಕ್ಕೆ ಇದನ್ನು ಹತ್ತಿರದಿಂದ ತೆಗೆದೆವು. ನವಿಲುಗರಿ ಬೇಕೇ ಬೇಕು ಎಂದು ಹಟ ಹಿಡಿದಿದ್ದವರು ಆ ಶಾಟನ್ನು ಎಡಿಟಿಂಗಿನಲ್ಲಿ ಎರಡು ಕಡೆ ಬಳಸಿದರು. ಲೆಕ್ಕಪತ್ರದ ದೃಶ್ಯಕ್ಕಾದರೆ ಕಡತ ಇದೆ: ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದ ಬಟ್ಟೆಯ ಮಡಿಕೆ, ಮೇಲೆ ಬಳಪದ ಬಿಳಿ ಅಕ್ಷರ. ತೆರೆಯ ಮೇಲಿನ ಶಾನುಭೋಗರ ಕೈಯಲ್ಲಿ ಇದನ್ನು ನಾನು ನೋಡಿದ್ದು ಕಡಿಮೆ.

ಕಟ್ಟಡಗಳ ಪಾಡೂ ಇದೇ. ಮೈಸೂರಿನ ಮರದ ಅರಮನೆ ಸುಟ್ಟಿದ್ದು 1897ರಲ್ಲಿ, ಈಗಿನದು ಮುಗಿದದ್ದು 1912ರಲ್ಲಿ. ನಮ್ಮ 1925ರ ಅಪ್ಪನ ಕಣ್ಣಿಗೆ ಅದು ನಿನ್ನೆ ಮೊನ್ನೆ ಎದ್ದ ಕಟ್ಟಡ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆ 1784ರದ್ದು, ಅದರ ಗೋಡೆಯ ಮೇಲೆ ಚಿತ್ರಿಸಿರುವ, ಹೈದರ್-ಟಿಪ್ಪು ಇಂಗ್ಲಿಷರನ್ನು ಸೋಲಿಸಿದ ಪೊಳ್ಳಿಲೂರು ಯುದ್ಧ ನಡೆದದ್ದು 1780ರಲ್ಲಿ. ಟಿಪ್ಪುವಿನ ಕಾಲದವರಿಗೆ ಅದು ಚರಿತ್ರೆಯ ಚಿತ್ರವಲ್ಲ, ಇನ್ನೂ ಬಿಸಿ ಆರದ ಸುದ್ದಿ.

ಹಂಪಿಯದ್ದು ಎಲ್ಲಕ್ಕಿಂತ ಕಷ್ಟ. ಕೃಷ್ಣದೇವರಾಯ ಹಾಳು ಮಂಟಪದ ಪಕ್ಕ ನಿಂತು ಆಜ್ಞೆ ಕೊಡುವ ದೃಶ್ಯಗಳನ್ನು ನೋಡಿದಾಗ, ಹಂಪಿ ಹಾಳಾಗಲು ಕಾರಣವಾದ 1565ರ ಯುದ್ಧ ಇವರಿಗೆ ಮೊದಲೇ ಮುಗಿದುಹೋಗಿತ್ತೇ ಅನ್ನಿಸುತ್ತದೆ. ಅರಮನೆಗಳ ಮೇಲ್ಭಾಗ ಮರದ್ದು, ಉಳಿದಿರುವುದು ಕಲ್ಲಿನ ಜಗಲಿ ಮಾತ್ರ. ಗೋಪುರಗಳು ಇಟ್ಟಿಗೆ, ಗಾರೆಯವು, ಬಣ್ಣ ಬಳಿದಂಥವು. ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ನೆತ್ತಿಯ ಮೇಲೂ ಇಟ್ಟಿಗೆಯ ಗೋಪುರ ಇತ್ತು. 1856ರಲ್ಲಿ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ತೆಗೆದ ಫೋಟೋದಲ್ಲಿ ಅದು ಕಾಣುತ್ತದೆ, ಆಮೇಲೆ ತೆಗೆದುಹಾಕಿದರು. ಈಗ 50 ರೂಪಾಯಿ ನೋಟಿನ ಮೇಲಿರುವುದು ಗೋಪುರ ಇಲ್ಲದ ರಥ. ಗ್ರಾಫಿಕ್ಸಿನಲ್ಲಿ ಗೋಪುರ ಕೂರಿಸಿದರೆ, “ಹಂಪಿ ನೋಡೇ ಇಲ್ವಾ ಇವ್ರು” ಅಂತ ಬೈಗುಳ ಗ್ಯಾರಂಟಿ. ಸಾಕ್ಷ್ಯಚಿತ್ರದಲ್ಲಿ ದಾರಿ ಇದೆ, ಮೊದಲು ಆ ಫೋಟೋ ತೋರಿಸಿ ಆಮೇಲೆ ಗೋಪುರ ಏರಿಸಬಹುದು. ಧಾರಾವಾಹಿಯಲ್ಲಿ ಆ ಅನುಕೂಲ ಇಲ್ಲ, ಗ್ರಾಫಿಕ್ಸಿಗೆ ದುಡ್ಡೂ ಇರುವುದಿಲ್ಲ. ಅಲ್ಲಿ ನನ್ನನ್ನು ಕೇಳಿದರೆ ರಥವನ್ನೇ ಫ್ರೇಮಿನಿಂದ ಆಚೆ ಇಡಿ ಅನ್ನುತ್ತೇನೆ. ಇದುವರೆಗೆ ಯಾರೂ ಒಪ್ಪಿಲ್ಲ.